ಏಳು ವರ್ಷ ನಿಂತ ಬೀಟಲ್ ಇಂಜಿನ್: ಬಿಚ್ಚುವ ಮುಂಚೆ ಅಳೆದು ನೋಡಿ

ಪ್ರಶ್ನೆ: ಚಿಕ್ಕಪ್ಪ ಓಡಿಸುತ್ತಿದ್ದ ಫೋಕ್ಸ್‌ವ್ಯಾಗನ್ ಬೀಟಲ್ ಈಗ ನನ್ನ ಪಾಲಿಗೆ ಬಂದಿದೆ. 1600 ಸಿಸಿ ಇಂಜಿನ್. ಏಳು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಕೈಯಲ್ಲಿ ತಿರುಗಿಸಿದರೆ ಇಂಜಿನ್ ತಿರುಗುತ್ತದೆ, ಆದರೆ ಇನ್ನೂ ಸ್ಟಾರ್ಟ್ ಮಾಡಿಲ್ಲ. ಕೆಳಗೆ ನೆಲದ ಮೇಲೆ ಆಯಿಲ್ ಕಲೆ ಇದೆ. ನೋಡಿದ ಮೆಕ್ಯಾನಿಕ್ ಒಬ್ಬರು "ಪೂರ್ತಿ ಬಿಚ್ಚಿ ಹೊಸ ಪಿಸ್ಟನ್, ಬೋರ್ ಹಾಕಲೇಬೇಕು" ಅಂದರು. ನನಗೆ ಸ್ಪಾನರ್ ಹಿಡಿದು ಅಭ್ಯಾಸ ಇದೆ, ಸ್ಕೂಟರ್ ಇಂಜಿನ್ ಬಿಚ್ಚಿ ಜೋಡಿಸಿದ್ದೇನೆ. ಇದನ್ನೂ ಮನೆಯಲ್ಲೇ ಮಾಡಬಹುದಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಮಾಡಬಹುದು. ಮನೆಯಲ್ಲಿ ಕೆಲಸ ಮಾಡುವವರಿಗೆ ಇದಕ್ಕಿಂತ ಸುಲಭದ ಕಾರ್ ಇಂಜಿನ್ ಸಿಗುವುದು ಕಷ್ಟ. ಇನ್ನೂ ಸ್ಟಾರ್ಟ್ ಮಾಡದೇ ಇದ್ದದ್ದೂ ಒಳ್ಳೆಯದಾಯಿತು. ಆದರೆ "ಪೂರ್ತಿ ಬಿಚ್ಚಬೇಕು" ಅನ್ನುವ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅವರು ಏನಾದರೂ ಅಳೆದು ನೋಡಿ ಹೇಳಿದರಾ? ನಿಮ್ಮ ಪತ್ರದಲ್ಲಿ ಒಂದು ಅಂಕಿಯೂ ಇಲ್ಲ. ಈ ಇಂಜಿನ್ ಬಿಚ್ಚಬೇಕಾ ಬೇಡವಾ ಅನ್ನುವುದನ್ನು ಇಂಜಿನ್ನೇ ಹೇಳುತ್ತದೆ, ಕೇಳುವ ಕ್ರಮ ಗೊತ್ತಿರಬೇಕು ಅಷ್ಟೆ.

ಮೊದಲು ಕ್ರ್ಯಾಂಕ್, ಅಂದರೆ ಪಿಸ್ಟನ್ ತಿರುಗಿಸುವ ಮುಖ್ಯ ಶಾಫ್ಟ್ ನೋಡಿ. ಕಾರಿನ ಹಿಂದೆ ಕೂತು, ಕೆಳಗಿನ ದೊಡ್ಡ ಪುಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಮ್ಮ ಕಡೆಗೆ ಎಳೆಯಿರಿ, ಆಮೇಲೆ ಒಳಗೆ ತಳ್ಳಿ. ಗಮನ ಕೊಟ್ಟರೆ ಸಣ್ಣದೊಂದು ಅಲುಗಾಟ ಕೈಗೆ ಗೊತ್ತಾಗುತ್ತದೆ. ಅಷ್ಟು ಇರಲೇಬೇಕು. ಡಯಲ್ ಗೇಜ್ ಇಟ್ಟು ಅಳೆದರೆ ಅದು 0.07ರಿಂದ 0.13 ಮಿ.ಮೀ. ಒಳಗೆ ಬರಬೇಕು. 0.15 ದಾಟಿದರೆ ಮಿತಿ ಮೀರಿತು ಅಂತ ಅರ್ಥ. ಎಳೆದು ತಳ್ಳಿದಾಗ "ಟಕ್ ಟಕ್" ಅಂತ ಕಿವಿಗೇ ಕೇಳಿದರೆ ಗೇಜ್ ಕೂಡ ಬೇಕಿಲ್ಲ. ಹಾಗೇ ಪುಲ್ಲಿಯನ್ನು ಮೇಲೆ ಕೆಳಗೆ ಎತ್ತಿ ನೋಡಿ. ಆ ದಿಕ್ಕಿನಲ್ಲಿ ಕೈಗೆ ಸಿಗುವಷ್ಟು ಆಟ ಇರಲೇಬಾರದು.

ಇದನ್ನೇ ಮೊದಲು ನೋಡಿ ಅನ್ನುವುದಕ್ಕೆ ಕಾರಣ ಇದೆ. ಈ ಇಂಜಿನ್‌ನ ಕೇಸ್ ಮ್ಯಾಗ್ನೀಸಿಯಂ ಮಿಶ್ರಲೋಹದ್ದು, ಎರಡು ಹೋಳು ಸೇರಿಸಿ ಬೋಲ್ಟ್ ಹಾಕಿದ್ದು. ಹಗುರ, ಆದರೆ ಮೆದು. ಫ್ಲೈವೀಲ್ ಕಡೆಯ ಬೇರಿಂಗ್ ತನ್ನ ಜಾಗದಲ್ಲಿ ಅಲ್ಲಾಡಲು ಶುರುವಾದರೆ, ವರ್ಷಗಟ್ಟಲೆ ಕೇಸನ್ನೇ ಬಡಿದು ಅಗಲ ಮಾಡುತ್ತದೆ. ಫ್ಲೈವೀಲ್ ಹಿಂದೆ ಮೂರು ಶಿಮ್, ಅಂದರೆ ತೆಳು ಬಳೆಗಳು ಇರುತ್ತವೆ. ಆಟ ಸ್ವಲ್ಪ ಜಾಸ್ತಿ ಇದ್ದರೆ ಆ ಶಿಮ್ ಬದಲಿಸಿ ಸರಿ ಮಾಡಬಹುದು. ಕೇಸೇ ಸವೆದಿದ್ದರೆ ಎರಡು ಹೋಳು ಬಿಡಿಸಿ, ಬೇರಿಂಗ್ ಕೂರುವ ಜಾಗವನ್ನು ಮೆಷಿನ್‌ನಲ್ಲಿ ಲೈನ್ ಬೋರ್ ಮಾಡಿಸಬೇಕು. ಅದು ಮನೆ ಕೆಲಸ ಅಲ್ಲ. ಅಂಥ ಕೇಸ್ ಮೇಲೆ ಹೊಸ ಪಿಸ್ಟನ್, ಬೋರ್ ಕೂರಿಸುವುದು ಗೆದ್ದಲು ತಿಂದ ಬಾಗಿಲಿಗೆ ಬಣ್ಣ ಹೊಡೆದಂತೆ.

ಕ್ರ್ಯಾಂಕ್ ಸರಿ ಇದೆ ಅಂದುಕೊಳ್ಳೋಣ. ಈಗ ಆಯಿಲ್ ಇಳಿಸಿ. ಈ ಇಂಜಿನ್‌ಗೆ ಹಿಡಿಯುವುದು ಬರೀ 2.5 ಲೀಟರ್. ಬೇರೆ ಕಾರುಗಳ ಹಾಗೆ ಪೇಪರ್ ಫಿಲ್ಟರ್ ಇಲ್ಲ, ತಳದಲ್ಲಿ ಒಂದು ತಂತಿಯ ಜಾಲರಿ ಮಾತ್ರ. ಆ ಜಾಲರಿಯನ್ನು ಹೊರಗೆ ತೆಗೆದು, ತೊಳೆಯುವ ಮುಂಚೆ ಬೆಳಕಿನಲ್ಲಿ ನೋಡಿ. ಕಪ್ಪು ಗಸಿ ಇದ್ದರೆ ಹೆದರಬೇಡಿ, ವಯಸ್ಸಿನದ್ದು. ಬೆರಳಿಗೆ ಹಚ್ಚಿ ಉಜ್ಜಿದಾಗ ಮಿನುಗುವ ಪುಡಿ ಕಂಡರೆ ಯೋಚನೆ ಮಾಡಬೇಕು. ಒಂದು ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಉಕ್ಕು ಅಥವಾ ಬೀಡು, ಅಂದರೆ ಕ್ಯಾಮ್‌ಶಾಫ್ಟ್, ಟ್ಯಾಪೆಟ್, ರಿಂಗ್ ಕಡೆಯದ್ದು. ಅಂಟದ ಬೂದು, ತಾಮ್ರ ಬಣ್ಣದ ಚೂರು ಬೇರಿಂಗ್‌ನದ್ದಾಗಿರಬಹುದು. ಇಳಿಸಿದ ಆಯಿಲನ್ನು ಮೂಸಿಯೂ ನೋಡಿ. ಪೆಟ್ರೋಲ್ ವಾಸನೆ ಹೊಡೆದರೆ ಪೆಟ್ರೋಲ್ ಪಂಪಿನ ಡಯಾಫ್ರಾಂ ಹರಿದು ಪೆಟ್ರೋಲ್ ಒಳಗೆ ಇಳಿದಿರಬಹುದು.

ಜಾಲರಿಯ ತಟ್ಟೆಗೆ ಆರು ಚಿಕ್ಕ ನಟ್ ಇವೆ. ಅವಕ್ಕೆ ಬೇಕಾದ್ದು ಸುಮಾರು 7 ನ್ಯೂಟನ್ ಮೀಟರ್, ಅಂದರೆ ಎರಡು ಬೆರಳ ಬಲ. ಸೋರುತ್ತಿದೆ ಅಂತ ಇನ್ನೂ ಬಿಗಿ ಮಾಡಿದಷ್ಟೂ ತಟ್ಟೆ ಬಾಗುತ್ತದೆ, ಸ್ಟಡ್ ಕಿತ್ತು ಬರುತ್ತದೆ, ಸೋರುವುದು ಜಾಸ್ತಿಯೇ ಆಗುತ್ತದೆ. ನಾನು ನೋಡಿದ ಹಳೆಯ ಕೇಸ್‌ಗಳಲ್ಲಿ ಅರ್ಧಕ್ಕರ್ಧ ಇಲ್ಲೇ ಹಾಳಾಗಿದ್ದವು.

ಈಗ ಟ್ಯಾಪೆಟ್. ಇಲ್ಲಿ ಟ್ಯಾಪೆಟ್ ಅಂದರೆ ವಾಲ್ವ್‌ಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಗ್ಯಾಪ್. ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಯಾಕೆಂದರೆ ಈ ಇಂಜಿನ್‌ನ ಆಯಸ್ಸು ಇಲ್ಲೇ ಬರೆದಿರುತ್ತದೆ.

ಎರಡೂ ಬದಿಯ ವಾಲ್ವ್ ಕವರ್ ತಂತಿ ಕೊಕ್ಕೆಯಿಂದ ಹಿಡಿದಿರುತ್ತವೆ. ಸ್ಕ್ರೂಡ್ರೈವರ್‌ನಿಂದ ಕೆಳಕ್ಕೆ ಒತ್ತಿದರೆ ಬಿಚ್ಚಿಕೊಳ್ಳುತ್ತವೆ. ಪ್ರತಿ ಬದಿಯಲ್ಲೂ ನಾಲ್ಕು ವಾಲ್ವ್: ಮಧ್ಯದ ಎರಡು ಇನ್‌ಲೆಟ್, ಎರಡು ತುದಿಯವು ಎಕ್ಸಾಸ್ಟ್. ಇಂಜಿನ್ ಪೂರ್ತಿ ತಣ್ಣಗಿರಬೇಕು. ಬೆಳಗ್ಗೆ ಓಡಿಸಿ ಮಧ್ಯಾಹ್ನ ಅಳೆಯುವುದು ಬೇಡ, ರಾತ್ರಿಯೆಲ್ಲ ಬಿಟ್ಟು ಅಳೆಯಿರಿ. ಗ್ಯಾಪ್ 0.15 ಮಿ.ಮೀ. ಒಂದನೇ ಸಿಲಿಂಡರ್ ಬಲಗಡೆ, ಕಾರಿನ ಮುಂಭಾಗಕ್ಕೆ ಹತ್ತಿರದ್ದು. ಅದರ ಹಿಂದಿನದ್ದು ಎರಡು. ಎಡಗಡೆ ಮುಂದಿನದ್ದು ಮೂರು, ಹಿಂದಿನದ್ದು ನಾಲ್ಕು. ರೋಟರ್ ಡಿಸ್ಟ್ರಿಬ್ಯೂಟರ್ ಅಂಚಿನ ಗೀರಿಗೆ ಎದುರಾಗಿ, ಪುಲ್ಲಿಯ ಮೇಲಿನ ಟಿಡಿಸಿ ಗುರುತು (ಪಿಸ್ಟನ್ ಹೆಡ್ ಕಡೆಯ ಕೊನೆ ಮುಟ್ಟಿದ್ದನ್ನು ತೋರಿಸುವುದು) ಕೇಸಿನ ಸೀಳಿಗೆ ಸರಿಯಾಗಿ ಬಂದರೆ ಒಂದನೆಯದು ತಯಾರು. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಲ್ಲಿ ಕಿಡಿ ಹೊತ್ತುವ ಕ್ರಮ 1-4-3-2. ಆದ್ದರಿಂದ ಪುಲ್ಲಿಯನ್ನು ಹಿಂದಕ್ಕೆ, ಅಂದರೆ ಗಡಿಯಾರದ ವಿರುದ್ಧ ದಿಕ್ಕಿಗೆ, ಅರ್ಧರ್ಧ ಸುತ್ತು ತಿರುಗಿಸುತ್ತಾ ಹೋದರೆ 1, 2, 3, 4 ಅಂತ ಸಾಲಾಗಿ ಸಿಗುತ್ತವೆ. ತಲೆ ಕೆಡಿಸಿಕೊಳ್ಳುವ ಲೆಕ್ಕ ಇಲ್ಲ.

ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಒಳಗೆ ಹೋದಾಗ, ಎರಡು ಪುಟಗಳ ನಡುವೆ ಸಿಕ್ಕ ಹಾಳೆ ಎಳೆದಂತೆ ಸಣ್ಣ ಹಿಡಿತ ಇರಬೇಕು. ಆದರೆ ತಕ್ಷಣ ಅಡ್ಜಸ್ಟ್ ಮಾಡಬೇಡಿ. ಮೊದಲು ಎಂಟೂ ವಾಲ್ವ್‌ಗಳ ಗ್ಯಾಪ್ ಈಗ ಎಷ್ಟಿದೆ ಅಂತ ಕಾಗದದ ಮೇಲೆ ಬರೆದುಕೊಳ್ಳಿ. ಬಹಳ ಜನ ಈ ಕೆಲಸ ಬಿಟ್ಟುಬಿಡುತ್ತಾರೆ. ಗ್ಯಾಪ್ ಜಾಸ್ತಿ ಆಗಿದ್ದರೆ ಟಕಟಕ ಸದ್ದು ಬರುತ್ತದೆ, ಅಷ್ಟೆ. ಅಡ್ಜಸ್ಟಿಂಗ್ ಸ್ಕ್ರೂ ತುದಿಯೋ ರಾಕರೋ ಸವೆದಿರುತ್ತದೆ. ಗ್ಯಾಪ್ ಕಡಿಮೆ ಆಗಿದ್ದರೆ ಸದ್ದೇ ಇರುವುದಿಲ್ಲ, ಅಪಾಯ ಇರುವುದು ಅಲ್ಲೇ. ವಾಲ್ವ್ ಸೀಟ್ ಒಳಗೆ ಸವೆಯುತ್ತಿದೆ, ಇಲ್ಲವೇ ಬಿಸಿಗೆ ವಾಲ್ವ್‌ನ ಕಡ್ಡಿಯೇ ಉದ್ದ ಆಗುತ್ತಿದೆ. ಅದರಲ್ಲೂ ಒಂದೇ ಎಕ್ಸಾಸ್ಟ್ ವಾಲ್ವ್ ಪ್ರತಿ ಸಲ ಬಿಗಿಯಾಗುತ್ತಾ ಬಂದರೆ ಅದರ ತಲೆ ಮುರಿದು ಬೀಳುವ ದಿನ ದೂರ ಇಲ್ಲ. ಮುರಿದ ತಲೆ ಪಿಸ್ಟನ್, ಹೆಡ್ ಎರಡನ್ನೂ ಕುಟ್ಟಿ ಹಾಕುತ್ತದೆ. ಅಂಥ ವಾಲ್ವ್ ಸಿಕ್ಕಿದರೆ ಸುಮ್ನೆ ಗ್ಯಾಪ್ ಸರಿ ಮಾಡಿ ಓಡಿಸಬೇಡಿ, ಹೆಡ್ ತೆಗೆಯಿರಿ. ಚಿಕ್ಕಪ್ಪ ಹಿಂದೆ ಯಾವಾಗಾದರೂ ಟ್ಯಾಪೆಟ್ ಅಳತೆ ಬರೆದಿಟ್ಟಿದ್ದಾರಾ ನೋಡಿ, ಚಿನ್ನದಂಥ ಮಾಹಿತಿ ಅದು.

ಅಳೆಯುವಾಗ ಇನ್ನೊಂದು ಪರೀಕ್ಷೆಯೂ ತಾನಾಗೇ ಆಗುತ್ತದೆ. ಇಂಜಿನ್ ತಿರುಗಿಸಿದಂತೆಲ್ಲ ಎಂಟೂ ವಾಲ್ವ್ ಒಂದೇ ಸಮ ಏರಿ ಇಳಿಯುತ್ತಿವೆಯಾ? ಏಳು ವರ್ಷ ತೆರೆದೇ ನಿಂತ ವಾಲ್ವ್ ಗೈಡ್‌ನಲ್ಲಿ ಜಾಮ್ ಆಗಿರಬಹುದು. ಹಾಗಿದ್ದಾಗ ಸ್ಟಾರ್ಟರ್ ಹೊಡೆದರೆ ಪುಷ್‌ರಾಡ್ ಬಾಗುತ್ತದೆ.

ಇದಾದ ಮೇಲೆ ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗೆ ಪಿಸ್ಟನ್ ಹುಟ್ಟಿಸುವ ಒತ್ತಡ. ನಾಲ್ಕೂ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರ್‌ಗೂ ಒಂದು ಚಮಚದಷ್ಟು ಆಯಿಲ್ ಹಾಕಿ ಒಂದು ರಾತ್ರಿ ಬಿಡಿ. ಹೊಸ ಆಯಿಲ್ ತುಂಬಿ, ಕಾಯಿಲ್ ವೈರ್ ಕಿತ್ತಿಟ್ಟು, ಪ್ಲಗ್ ಇಲ್ಲದೆಯೇ ಸ್ಟಾರ್ಟರ್‌ನಲ್ಲಿ ತಿರುಗಿಸಿ. ಆಯಿಲ್ ದೀಪ ಆರುವ ತನಕ ಬಿಟ್ಟು ಬಿಟ್ಟು ತಿರುಗಿಸಿ. ಒಣಗಿದ ಬೇರಿಂಗ್‌ಗಳಿಗೆ ಆಯಿಲ್ ಮುಟ್ಟಲಿ. ಆಮೇಲೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ನಾಲ್ಕನ್ನೂ ಅಳೆಯಿರಿ. ಆರೋಗ್ಯವಾದ 1600 ಇಂಜಿನ್ 8ರಿಂದ 10 ಬಾರ್ ಆಸುಪಾಸು ತೋರಿಸುತ್ತದೆ. 7ಕ್ಕಿಂತ ಕೆಳಗೆ ಬಂದರೆ ಅನುಮಾನ ಪಡಬೇಕು. ಒಟ್ಟು ಅಂಕಿಗಿಂತ ನಾಲ್ಕರ ನಡುವಿನ ವ್ಯತ್ಯಾಸ ನನಗೆ ಮುಖ್ಯ. ನಾಲ್ಕೂ ಏಳೂವರೆ ಇದ್ದರೆ ಅದು ವಯಸ್ಸಾದ, ನಂಬಬಹುದಾದ ಇಂಜಿನ್. ಮೂರು ಒಂಬತ್ತಿದ್ದು ಒಂದು ಐದಿದ್ದರೆ ಆ ಒಂದರಲ್ಲಿ ರೋಗ ಇದೆ. ಆಯಿಲ್ ಹಾಕಿದ ತಕ್ಷಣದ ಅಂಕಿ ನಿಜಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತದೆ ಅನ್ನುವುದೂ ನೆನಪಿರಲಿ.

ಆದರೆ ನಿಂತ ಇಂಜಿನ್ ಮೊದಲ ದಿನ ಸುಳ್ಳು ಹೇಳುತ್ತದೆ. ವಾಲ್ವ್ ಸೀಟ್ ಮೇಲೆ ತೆಳು ತುಕ್ಕು ಕೂತಿರುತ್ತದೆ, ರಿಂಗ್‌ಗಳು ಗಸಿಯಲ್ಲಿ ಅಂಟಿರುತ್ತವೆ. ಮೊದಲ ದಿನ ಐದು ಬಾರ್ ತೋರಿಸಿದ ಸಿಲಿಂಡರ್ ಇನ್ನೂರು ಮುನ್ನೂರು ಕಿಲೋಮೀಟರ್ ಓಡಿದ ಮೇಲೆ ಎಂಟಕ್ಕೆ ಬಂದದ್ದನ್ನು ಕಂಡಿದ್ದೇನೆ. ಟ್ಯಾಪೆಟ್ ಅಳತೆಗಳು ಸರಿ ಇದ್ದು ಕಂಪ್ರೆಶನ್ ಮಾತ್ರ ಕಡಿಮೆ ಬಂದರೆ ಆತುರ ಬೇಡ, ಓಡಿಸಿ ಮತ್ತೆ ಅಳೆಯಿರಿ.

ಓಡಿಸುವುದು ಅಂದೆನಲ್ಲ, ಅದಕ್ಕೆ ಮುಂಚೆ ಪೆಟ್ರೋಲ್ ಪೈಪ್. ಇದರಲ್ಲಿ ಮಾತ್ರ ನಾನು ಹಟಮಾರಿ. ಟ್ಯಾಂಕಿನ ಹಳೆಯ ಪೆಟ್ರೋಲ್ ಪೂರ್ತಿ ಇಳಿಸಿ, ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗಿನ ಪ್ರತಿ ತುಂಡು ರಬ್ಬರ್ ಪೈಪನ್ನೂ ಬದಲಿಸಿ, ಎಲ್ಲದಕ್ಕೂ ಕ್ಲಿಪ್ ಹಾಕಿ. ಬಟ್ಟೆ ಹೆಣೆದ ಹಳೆಯ ಪೈಪ್ ಹೊರಗೆ ಚೆನ್ನಾಗೇ ಕಾಣುತ್ತದೆ, ಬಗ್ಗಿಸಿದರೆ ಬಿರುಕು ಬಿಡುತ್ತದೆ. ಪೆಟ್ರೋಲ್ ಫಿಲ್ಟರನ್ನು ಡಿಸ್ಟ್ರಿಬ್ಯೂಟರ್ ಮೇಲೆ ತೂಗಾಡುವಂತೆ ಹಾಕಬೇಡಿ. ಕಾರ್ಬ್ಯುರೇಟರ್‌ಗೆ ಪೆಟ್ರೋಲ್ ಹೋಗುವ ಹಿತ್ತಾಳೆ ಕೊಳವೆಯನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿ, ಅದು ಸುಮ್ನೆ ಒತ್ತಿ ಕೂರಿಸಿದ್ದು, ಸಡಿಲವಾಗಿ ಕಳಚಿ ಬರುತ್ತದೆ. ಈ ಕಾರುಗಳು ಬೆಂಕಿಗೆ ಹೋಗುವುದು ಹೀಗೇ. ಮ್ಯಾಗ್ನೀಸಿಯಂ ಹತ್ತಿಕೊಂಡರೆ ನೀರು ಹಾಕುವಂತಿಲ್ಲ, ಹಾಕಿದರೆ ಇನ್ನೂ ಭಗ್ ಅನ್ನುತ್ತದೆ. ಪೆಟ್ರೋಲ್ ಬೆಂಕಿ ಕೇಸಿಗೆ ತಗಲುವ ಮೊದಲೇ ಆರಿಸಬೇಕು. ಡ್ರೈ ಪೌಡರ್ ಎಕ್ಸ್‌ಟಿಂಗ್ವಿಶರ್ ಕೈಗೆ ಸಿಗುವ ಹಾಗೆ ಇಟ್ಟುಕೊಂಡೇ ಮೊದಲ ಸಲ ಸ್ಟಾರ್ಟ್ ಮಾಡಿ.

ನೆಲದ ಮೇಲಿನ ಕಲೆ ಬಗ್ಗೆ ಕೇಳಿದ್ದೀರಿ. ಎಲ್ಲಿಂದ ಬೀಳುತ್ತಿದೆ ಅನ್ನುವುದರ ಮೇಲೆ ಉತ್ತರ. ಬದಿಗಳಲ್ಲಿ ಸಿಲಿಂಡರ್ ಕೆಳಗೆ ಒದ್ದೆ ಇದ್ದರೆ ಪುಷ್‌ರಾಡ್ ಟ್ಯೂಬಿನ ಸೀಲ್ ಅಥವಾ ವಾಲ್ವ್ ಕವರ್ ಗ್ಯಾಸ್ಕೆಟ್. ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಿಂದ ತೊಟ್ಟಿಕ್ಕುತ್ತಿದ್ದರೆ ಬೆರಳಿಗೆ ಹಚ್ಚಿ ಮೂಸಿ ನೋಡಿ. ಗಂಧಕದ ಕೆಟ್ಟ ನಾತ ಬಂದರೆ ಗೇರ್ ಆಯಿಲ್, ಗೇರ್‌ಬಾಕ್ಸ್ ಸೀಲ್ ಹೋಗಿದೆ. ಬರದಿದ್ದರೆ ಫ್ಲೈವೀಲ್ ಸೀಲ್. ಅಲ್ಲಲ್ಲಿ ಸ್ವಲ್ಪ ತೇವ ಇರುವುದು ಈ ಇಂಜಿನ್‌ನ ಸ್ವಭಾವ, ಅದಕ್ಕೆ ನಿದ್ದೆಗೆಡಬೇಡಿ. ಬಿಸಿ ಎಕ್ಸಾಸ್ಟ್ ಮೇಲೆ ತೊಟ್ಟಿಕ್ಕುವುದನ್ನು ಮಾತ್ರ ಬಿಡಬೇಡಿ.

ಕ್ರ್ಯಾಂಕ್, ಟ್ಯಾಪೆಟ್ ಎಲ್ಲ ಸರಿ ಇದ್ದರೂ ನಾನಾಗಿದ್ದರೆ ಇಂಜಿನ್ ಒಂದು ಸಲ ಕೆಳಗಿಳಿಸುತ್ತಿದ್ದೆ. ಪಿಸ್ಟನ್‌ಗೋಸ್ಕರ ಅಲ್ಲ, ತಗಡುಗಳಿಗೋಸ್ಕರ. ಇಳಿಸುವುದು ಸುಲಭ. ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಪೈಪ್ ಮುಚ್ಚಿ, ಆಕ್ಸಿಲರೇಟರ್ ಕೇಬಲ್, ಹೀಟರ್ ಕೇಬಲ್, ವೈರ್‌ಗಳನ್ನು ಗುರುತು ಹಾಕಿ ಬಿಡಿಸಿದರೆ ಉಳಿಯುವುದು ಗೇರ್‌ಬಾಕ್ಸಿಗೆ ಹಿಡಿದ ನಾಲ್ಕು ಬೋಲ್ಟ್. ತೂಕ ನೂರು ಕೆ.ಜಿ.ಗಿಂತ ಜಾಸ್ತಿ, ಆದ್ದರಿಂದ ಒಬ್ಬರೇ ಮಾಡಬೇಡಿ. ಕಾರನ್ನು ಬರೀ ಜಾಕಿ ಮೇಲೆ ನಿಲ್ಲಿಸಬೇಡಿ, ಗಟ್ಟಿ ಸ್ಟ್ಯಾಂಡ್ ಇಡಿ. ಇಂಜಿನ್ ಹಿಂದಕ್ಕೆ ಎಳೆಯುವಾಗ ಅದರ ಭಾರ ಗೇರ್‌ಬಾಕ್ಸ್ ಶಾಫ್ಟ್ ಮೇಲೆ ತೂಗಬಾರದು.

ಈಗ ತಗಡು. ಗಾಳಿಯಿಂದ ತಣ್ಣಗಾಗುವ ಇಂಜಿನ್ ಅಂದರೆ ಗಾಳಿ ತಾನಾಗೇ ಬಂದು ತಣ್ಣಗೆ ಮಾಡುತ್ತದೆ ಅಂತ ಅಲ್ಲ. ಮೋಟರ್ ಸೈಕಲ್‌ನಲ್ಲಿ ಎದುರುಗಾಳಿ ಇರುತ್ತದೆ. ಇಲ್ಲಿ ಇಂಜಿನ್ ಹಿಂದೆ, ಡಬ್ಬಿಯೊಳಗೆ ಕೂತಿದೆ. ಡೈನಮೋ ಶಾಫ್ಟ್‌ಗೆ ಕೂರಿಸಿದ ಫ್ಯಾನ್ ಗಾಳಿಯನ್ನು ಎಳೆದು ಕೆಳಗೆ ದಬ್ಬುತ್ತದೆ. ತಗಡುಗಳು ಆ ಗಾಳಿಯನ್ನು ಫಿನ್‌ಗಳ ನಡುವೆಯೇ ಹರಿಸುತ್ತವೆ. ಬಿಸಿಯಾದ ಗಾಳಿ ಕೆಳಗೆ ಹೋಗುತ್ತದೆ, ಮತ್ತೆ ಮೇಲೆ ಬರದ ಹಾಗೆ ಸುತ್ತಲಿನ ರಬ್ಬರ್ ಸೀಲ್ ತಡೆಯುತ್ತದೆ. ಬೇರೆ ಕಾರಿನ ರೇಡಿಯೇಟರ್, ನೀರು, ಹೋಸ್ ಎಲ್ಲ ಸೇರಿ ಮಾಡುವ ಕೆಲಸ ಇಲ್ಲಿ ಫ್ಯಾನಿಗೂ ಈ ತಗಡುಗಳಿಗೂ ಬಿದ್ದಿದೆ.

ನನ್ನ ಮೊದಲ ಬೀಟಲ್ ಇಂಜಿನ್ ಜೋಡಿಸಿ ಮುಗಿಸಿದಾಗ ಡಬ್ಬದಲ್ಲಿ ಎರಡು ಚಿಕ್ಕ ಬಾಗಿದ ತಗಡು ಉಳಿದಿದ್ದವು. ಎಲ್ಲಿಗೆ ಅಂತ ಗೊತ್ತಾಗಲಿಲ್ಲ. ತುಕ್ಕು ಹಿಡಿದಿದ್ದವು, ಬೇರೆ. ಇದ್ದರೆಷ್ಟು ಬಿಟ್ಟರೆಷ್ಟು ಅಂತ ಗೋಡೆಯ ಮೊಳೆಗೆ ನೇತು ಹಾಕಿದೆ. ಅವು ಸಿಲಿಂಡರ್‌ಗಳ ಕೆಳಗೆ, ಎರಡರ ನಡುವೆ ಕೂರುವ ತಗಡುಗಳು. ಮೇಲಿಂದ ಬಂದ ಗಾಳಿ ನೇರ ಕೆಳಗೆ ಓಡಿಹೋಗದೆ ಸಿಲಿಂಡರ್‌ನ ತಳವನ್ನೂ ಸುತ್ತಿ ಹೋಗಲಿ ಅಂತ ಇರುವಂಥವು. ಎರಡು ಬೇಸಿಗೆ ಓಡಿಸಿದೆ. ಒಂದು ಮಧ್ಯಾಹ್ನ ಏರಿನಲ್ಲಿ ಮೂರನೇ ಸಿಲಿಂಡರ್‌ನ ಎಕ್ಸಾಸ್ಟ್ ವಾಲ್ವ್ ತಲೆ ಮುರಿಯಿತು. ಪಿಸ್ಟನ್‌ನಲ್ಲಿ ಬೆಂಕಿಪೆಟ್ಟಿಗೆಯಷ್ಟು ತೂತು. ಬರೀ ಆ ತಗಡಿನಿಂದಲೇ ಆಯಿತು ಅಂತ ಆಣೆ ಮಾಡಿ ಹೇಳಲಾರೆ, ಟ್ಯಾಪೆಟ್ ಕೂಡ ತಿಂಗಳುಗಟ್ಟಲೆ ನೋಡಿರಲಿಲ್ಲ. ಆ ಎರಡು ತಗಡು ಇನ್ನೂ ಮೊಳೆಯಲ್ಲೇ ಇವೆ.

ಮೂರನೆಯದೇ ಯಾಕೆ ಅಂದರೆ, ಹಳೆಯ ಮಾದರಿಗಳಲ್ಲಿ ಆಯಿಲ್ ಕೂಲರ್ ಫ್ಯಾನ್ ಹೌಸಿಂಗ್‌ನ ಒಳಗೇ, ಆ ಸಿಲಿಂಡರ್‌ಗೆ ಹೋಗುವ ಗಾಳಿಗೆ ಅಡ್ಡ ನಿಂತಿರುತ್ತದೆ. 1971ರ ಮಾದರಿಯಿಂದ ಕೂಲರನ್ನು ಆಚೆ ಸರಿಸಿ ಅದಕ್ಕೇ ಬೇರೆ ಗೂಡು ಮಾಡಿದರು. ನಿಮ್ಮದು ಯಾವುದು ಅಂತ ನೋಡಿ.

ಹೌಸಿಂಗ್ ಎತ್ತಿದಾಗ ಇಲಿಗೂಡು ಸಿಕ್ಕಿದರೆ ಆಶ್ಚರ್ಯಪಡಬೇಡಿ. ಏಳು ವರ್ಷದಲ್ಲಿ ಫಿನ್‌ಗಳ ಮೇಲೆ ಹುಲ್ಲು, ಬಟ್ಟೆ ಚೂರು, ಆಯಿಲ್ ಸೇರಿ ಕಂಬಳಿ ಹೊದಿಸಿದಂತೆ ಆಗಿರುತ್ತದೆ. ಹೊರಗಿನಿಂದ ಒಂದು ಚೂರೂ ಕಾಣುವುದಿಲ್ಲ. ಇಂಜಿನ್ ಇಳಿಸಿ ಅಂದದ್ದಕ್ಕೆ ಇದೂ ಒಂದು ಕಾರಣ. ಫಿನ್‌ಗಳ ನಡುವೆ ಟಾರ್ಚ್ ಬಿಟ್ಟರೆ ಬೆಳಕು ಆಚೆ ಬರಬೇಕು. ಬರದೇ ಇದ್ದರೆ ಕಸ ಇರಬೇಕು ಅಥವಾ ಎರಕ ಹೊಯ್ದಾಗ ಉಳಿದ ಲೋಹದ ಪರದೆ ಇರಬೇಕು. ಹೊಸ ಹೆಡ್‌ಗಳಲ್ಲೂ ಇದು ಇರುತ್ತದೆ. ಸಣ್ಣ ಅರದಲ್ಲಿ ಉಜ್ಜಿ ತೆಗೆಯಿರಿ. ಕೆಳಗಿನ ಥರ್ಮೋಸ್ಟಾಟ್, ಅದಕ್ಕೆ ಕಟ್ಟಿದ ರೆಕ್ಕೆಗಳು ಸಲೀಸಾಗಿ ಆಡುತ್ತವೆಯಾ ನೋಡಿ. ತುಕ್ಕು ಹಿಡಿದು ಮುಚ್ಚಿಕೊಂಡೇ ನಿಂತಿದ್ದರೆ ಗಾಳಿಯೇ ಇಲ್ಲ. ಅದಕ್ಕೆ ಹೆದರಿ ಕೆಲವರು ಎಲ್ಲ ಕಿತ್ತು ಬಿಸಾಡುತ್ತಾರೆ. ಆಗ ಇಂಜಿನ್ ಬೆಚ್ಚಗಾಗುವುದೇ ತಡ, ಅಷ್ಟು ಹೊತ್ತೂ ಸವೆತ ಜಾಸ್ತಿ. ಸರಿ ಮಾಡಿ ಮತ್ತೆ ಹಾಕುವುದೇ ಮೇಲು. ಆಯಿಲ್ ಕೂಲರ್ ಸೀಲ್, ಫ್ಲೈವೀಲ್ ಸೀಲ್ ಇದೇ ಸಮಯದಲ್ಲಿ ಬದಲಿಸಿ. ಪುಷ್‌ರಾಡ್ ಟ್ಯೂಬ್ ಸೀಲ್ ಬದಲಿಸಲು ಹೆಡ್ ತೆಗೆಯಬೇಕಾಗುತ್ತದೆ, ಅದಕ್ಕೆ ಸೋರುತ್ತಿದ್ದರೆ ಮಾತ್ರ ಕೈ ಹಾಕಿ.

ಹೆಡ್ ತೆಗೆದರೆ ಎರಡು ವಾಲ್ವ್ ಸೀಟ್‌ಗಳ ನಡುವೆ, ಸೀಟ್‌ನಿಂದ ಪ್ಲಗ್ ತೂತಿನ ಕಡೆಗೆ ಬಿರುಕು ಇದೆಯಾ ಹುಡುಕಿ. ಸಿಲಿಂಡರ್‌ಗಳನ್ನೂ ತೆಗೆದರೆ, ಮೇಲಿನ ರಿಂಗ್ ಒಂದನ್ನು ಬಿಚ್ಚಿ ಬರೀ ಬೋರ್ ಒಳಗೆ ನೇರವಾಗಿ ತಳ್ಳಿ, ಬಾಯಿಯ ಗ್ಯಾಪ್ ಅಳೆಯಿರಿ. ಹೊಸದರಲ್ಲಿ 0.30ರಿಂದ 0.45 ಮಿ.ಮೀ., ಮಿತಿ 0.90. ಪಿಸ್ಟನ್ ಮೇಲಿನ ಬಾಣದ ಗುರುತು ಫ್ಲೈವೀಲ್ ಕಡೆಗಿರಬೇಕು. ಹೆಡ್ ನಟ್‌ಗಳನ್ನು ಒಂದೇ ಸಲಕ್ಕೆ ಬಿಗಿ ಮಾಡಬೇಡಿ, ಮೊದಲು 10 ನ್ಯೂಟನ್ ಮೀಟರ್‌ಗೆ ಎಲ್ಲವನ್ನೂ ತನ್ನಿ. ಕೊನೆಗೆ 8 ಮಿ.ಮೀ. ಸ್ಟಡ್ ಆದರೆ 25, 10 ಮಿ.ಮೀ. ಸ್ಟಡ್ ಆದರೆ 32. ಬಿಗಿ ಮಾಡುತ್ತಿರುವಾಗ ನಟ್ ತಿರುಗುತ್ತಲೇ ಇದ್ದು ಬಿಗಿತ ಏರದಿದ್ದರೆ ತಕ್ಷಣ ನಿಲ್ಲಿಸಿ, ಸ್ಟಡ್ ಕೇಸಿನಿಂದ ಕಿತ್ತು ಬರುತ್ತಿದೆ. ಅಲ್ಲಿಗೆ ಹೊಸ ಥ್ರೆಡ್ ಇನ್ಸರ್ಟ್ ಕೂರಿಸಬೇಕು.

ಜೋಡಿಸಿದ ಮೇಲೆ ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಇಟ್ಟು, ಆಮೇಲೆ ಟೈಮಿಂಗ್ (ಕಿಡಿ ಹೊತ್ತುವ ಗಳಿಗೆ) ಮಾಡಿ. ಉಲ್ಟಾ ಮಾಡಿದರೆ ಗ್ಯಾಪ್ ಬದಲಾದಾಗ ಟೈಮಿಂಗ್ ಕೂಡ ಬದಲಾಗುತ್ತದೆ. ಟೈಮಿಂಗ್ ಎಷ್ಟು ಡಿಗ್ರಿ ಅನ್ನುವುದು ನಿಮ್ಮಲ್ಲಿರುವ ಡಿಸ್ಟ್ರಿಬ್ಯೂಟರ್ ಮೇಲೆ ಹೋಗುತ್ತದೆ, ಅದರ ನಂಬರ್ ನೋಡಿಯೇ ಇಡಿ. ಫ್ಯಾನ್ ಬೆಲ್ಟ್ ಹೆಬ್ಬೆರಳಲ್ಲಿ ಒತ್ತಿದರೆ ಸುಮಾರು 15 ಮಿ.ಮೀ. ತಗ್ಗಬೇಕು. ಓಡಿಸುವಾಗ ಚಾರ್ಜಿಂಗ್ ದೀಪ ಹತ್ತಿದರೆ "ಬ್ಯಾಟರಿ ತಾನೇ, ಮನೆಗೆ ಹೋಗಿ ನೋಡೋಣ" ಅನ್ನಬೇಡಿ. ಡೈನಮೋ ನಿಂತಿದ್ದರೆ ಫ್ಯಾನೂ ನಿಂತಿದೆ. ಅಲ್ಲೇ ಬದಿಗೆ ಹಾಕಿ ಇಂಜಿನ್ ಆಫ್ ಮಾಡಿ. ಆಯಿಲ್ ದೀಪ ಆರಿದೆ ಅಂತ ನೆಮ್ಮದಿಯೂ ಬೇಡ. ಅದು ಅರ್ಧ ಬಾರ್ ಕೂಡ ಇಲ್ಲದ ಒತ್ತಡಕ್ಕೇ ಆರುತ್ತದೆ. ಬಿಸಿ ಇಂಜಿನ್‌ನಲ್ಲಿ 2500 ಆರ್‌ಪಿಎಂಗೆ ಕನಿಷ್ಠ 2 ಬಾರ್ ಇರಬೇಕು, ಒಂದು ಸಲ ಗೇಜ್ ಹಾಕಿ ಅಳೆದುಬಿಡಿ.

ಐನೂರು ಕಿಲೋಮೀಟರ್ ಆದ ಮೇಲೆ ಆಯಿಲ್ ಇಳಿಸಿ, ಜಾಲರಿ ಮತ್ತೆ ನೋಡಿ, ಎಂಟು ಟ್ಯಾಪೆಟ್ ಮತ್ತು ನಾಲ್ಕು ಕಂಪ್ರೆಶನ್ ಮತ್ತೆ ಅಳೆದು ಹಳೆಯ ಅಂಕಿಗಳ ಪಕ್ಕದಲ್ಲೇ ಬರೆಯಿರಿ. ಆಗಲೂ ಯಾವುದಾದರೂ ಸಿಲಿಂಡರ್ ಏಳಕ್ಕಿಂತ ಕೆಳಗೇ ಇದ್ದರೆ ಪಿಸ್ಟನ್, ಬೋರ್ ಬಗ್ಗೆ ಆ ಮೆಕ್ಯಾನಿಕ್ ಜೊತೆ ಕೂತು ಮಾತಾಡಬಹುದು. ಹೋಗುವಾಗ ಆ ಕಾಗದ ತೆಗೆದುಕೊಂಡು ಹೋಗಿ.